ಟಾಕೀಸಿನ ಹಾರ್ನುಗಳು

ಟಾಕೀಸು ಮುಚ್ಚಿ ಕುರ್ಚಿ, ಪರದೆ, ಫ್ಯಾನು ಎಲ್ಲ ಹರಾಜಾದಾಗ ಆಪರೇಟರಣ್ಣ ಕೇಳಿ ಪಡೆದದ್ದು ಪರದೆಯ ಹಿಂದೆ ನಲವತ್ತು ವರ್ಷ ದುಡಿದಿದ್ದ ಎರಡು ಹಾರ್ನ್ ಸ್ಪೀಕರುಗಳನ್ನು ಮಾತ್ರ. ಒಂದೊಂದೂ ಬೀರುವಿನಷ್ಟು. ಅವು ಬಂದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಉಳಿದದ್ದು ಎರಡೇ ಕುರ್ಚಿಗೆ ಜಾಗ. ಮದುವೆಯೇ ಆಗದ ಮನುಷ್ಯನಿಗೆ ಅದು ಧಾರಾಳವಾಯಿತು. ಒಂದು ಅವನದು, ಇನ್ನೊಂದು ಭಾನುವಾರ ಮಧ್ಯಾಹ್ನ ಸಂಗೀತ ಕೇಳಲು ಬರುವ ತಂಗಿಯದು. ವಾರದಲ್ಲಿ ಅವನು ಬಾಯಿಬಿಟ್ಟು ಮಾತಾಡುತ್ತಿದ್ದ ದಿನ ಅದೊಂದೇ.

ಈಚೆಗೆ ತಂಗಿ ತಪ್ಪಿಸತೊಡಗಿದ್ದಳು. ಒಂದು ವಾರ ಮಂಡಿನೋವು, ಇನ್ನೊಂದು ವಾರ ನೆಂಟರು. ಬಂದರೂ ಒಂದು ರೆಕಾರ್ಡು ಮುಗಿಯುವುದರೊಳಗೆ ಎದ್ದುಬಿಡುತ್ತಿದ್ದಳು. ಅವನು ತಲೆ ಕೆರೆದುಕೊಂಡು ಕಾರಣ ಹುಡುಕಿದ. ಹಾರ್ನುಗಳಿಗೆ ವಯಸ್ಸಾಗಿ ಸದ್ದು ಮಂಕಾಗಿದೆ, ಅವಳಿಗೆ ಬೇಸರ ಬಂದಿದೆ. ಆಂಪ್ಲಿಫೈಯರಿನಲ್ಲಿ ಚೂಪು ಸದ್ದನ್ನು ಏರಿಸುವ ಟ್ರೆಬಲ್ ಗುಂಡಿಯನ್ನು ಕೊನೆಯ ತನಕ ತಿರುಗಿಸಿ ವರ್ಷವಾಗಿತ್ತು, ಆದರೂ ಮಂಕೇ. ಇನ್ನು ರಿಪೇರಿಯೊಂದೇ ದಾರಿ. ಈ ಕುರ್ಚಿಯೂ ಖಾಲಿಯಾದರೆ ಆಮೇಲೆ ಗೋಡೆಯ ಜೊತೆಗೇ ಮಾತು.

ಮೂರು ತಿಂಗಳು ಬೆಸುಗೆಯ ಹೊಗೆ ಕುಡಿದ. ಹಾರ್ನಿನ ಬುಡದಲ್ಲಿ ನಡುಗುವ ತೆಳು ಲೋಹದ ಪೊರೆ ಬದಲಾಯಿಸಿದ, ಒಣಗಿದ ಕೆಪಾಸಿಟರುಗಳನ್ನು ಕಿತ್ತು ಹೊಸದು ಹಾಕಿದ. ಕೊನೆಗೆ, ಹಾರ್ನು ಅತಿಯಾಗಿ ಕೂಗದಂತೆ ತಡೆಯುವ ರೆಸಿಸ್ಟರು ತೆಗೆದು ಸಣ್ಣದು ಹಾಕಿದ, ಆಮೇಲೆ ಅದಕ್ಕಿಂತಲೂ ಸಣ್ಣದು. ಆಗ ಪಿಟೀಲಿನ ಬಾಯಿ ಬಿಚ್ಚಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನಿಗಂತೂ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ತಕ್ಷಣ ತಂಗಿಗೆ ಫೋನು ಮಾಡಿದ.

ತಂಗಿ ಬಂದು ಕೂತಳು. ಪಿಟೀಲು ಶುರುವಾಗುತ್ತಲೇ ಅವಳ ಭುಜ ಸೆಟೆದುಕೊಂಡಿತು. ಹೇಗಿದೆ ಎಂದು ಅವನು ಎರಡು ಸಲ ಕೇಳಿದ ಮೇಲೆ ಅವಳೇ ಕೈಚಾಚಿ ಸದ್ದು ತಗ್ಗಿಸಿದಳು.

"ಅಣ್ಣ, ಬೇಜಾರು ಮಾಡ್ಕೋಬೇಡ. ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ. ಇವತ್ತು ಮಾತ್ರ ಅಲ್ಲ, ಒಂದು ವರ್ಷದಿಂದ ಹೀಗೇ. ನೀನು ನೊಂದ್ಕೋತೀಯ ಅಂತ ಮಂಡಿನೋವು ಅಂತಿದ್ದೆ."

ನಲವತ್ತು ವರ್ಷ ಇಡೀ ಟಾಕೀಸು ಅವನ ಕಿವಿಯ ಅಳತೆಯಲ್ಲೇ ಸಿನಿಮಾ ಕೇಳಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ತಾನೋ ನೆಲವನ್ನೇ ಅಗೆದು ಹೊಸದಾಗಿ ಹಾಸಿದ್ದ. ಮಂಕಾಗಿದ್ದದ್ದು ಹಾರ್ನಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಬೆಸುಗೆ ಕಡ್ಡಿ ಕಾಯಲಿಟ್ಟು, ಟ್ರೆಬಲ್ ಗುಂಡಿಯನ್ನು ನಡುವಿಗೆ ತಂದ. ಹಳೆಯ ರೆಸಿಸ್ಟರುಗಳನ್ನು ಡಬ್ಬಿಯಿಂದ ಹುಡುಕಿ ಒಂದೊಂದಾಗಿ ಹಾಕುತ್ತಾ ಪ್ರತಿ ಸಲವೂ ತಂಗಿಯ ಮುಖ ನೋಡಿದ. ಇನ್ನೂ ಸ್ವಲ್ಪ ಅಂದಳು, ಇನ್ನೂ ಸ್ವಲ್ಪ ಅಂದಳು. ನಾಲ್ಕನೆಯದಕ್ಕೆ ಅವಳ ಭುಜ ಇಳಿಯಿತು. ಅವನಿಗೆ ಪಿಟೀಲು ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸಿದಂತಿತ್ತು.

ಅವಳು ಕಣ್ಣು ಮುಚ್ಚಿ ಹಿಂದಕ್ಕೊರಗಿದಳು. ಒಂದು ರೆಕಾರ್ಡು ಮುಗಿಯಿತು, ಅವಳು ಏಳಲಿಲ್ಲ. ಅವನು ಎರಡನೆಯದನ್ನು ಹಾಕಿದ. ಅದರ ನಡುವೆ ಎಲ್ಲೋ ಅವಳ ಮುಖ ಅರಳಿತು.

"ಅಣ್ಣ, ಹಿಂದೆ ಒಂದು ಸಣ್ಣ ಗಂಟೆ ಬಾರಿಸ್ತಿದಾರಲ್ಲ, ಎಷ್ಟು ಚೆನ್ನಾಗಿದೆ. ಕೇಳಿಸ್ತಾ?"

"ಹೂಂ," ಅಂದ ಅವನು. "ಕೇಳಿಸ್ತು."