ಉಡಚಪ್ಪನ ಸಾಕ್ಷಿ

ಅಸುಂಡಿಯ ಉಡಚಪ್ಪ ಈರುಳ್ಳಿ ಸಸಿಯ ಚೀಲ ಇಟ್ಟುಕೊಂಡು ಕುರ್ತಕೋಟಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. ಪೊಲೀಸ್ ಜೀಪು ಕಂಡದ್ದೇ ತಡ, ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಚೀಲ ಬಿಟ್ಟು ಹೋಗಲಾರದೆ ಅವನೊಬ್ಬ ಉಳಿದ.

“ಆಧಾರ್ ಕಾರ್ಡ್ ಐತೇನು? ಜೀಪ್ ಹತ್ತು. ಪಂಚ ಆಗಬೇಕು,” ಎಂದ ಹವಾಲ್ದಾರ.

“ನನಗೇನೂ ಗೊತ್ತಿಲ್ರಿ ಸಾಹೇಬ್ರ.”

“ಗೊತ್ತಿಲ್ಲದವ್ರ ಬೇಕು. ನಾವು ಜಪ್ತಿ ಮಾಡೂ ಮುಂದ ಸಾಕ್ಷಿ ನಿಂದ್ರೂದು, ಅಷ್ಟ.”

ಜೀಪು ಒಂದು ಹೊಲದಲ್ಲಿ ನಿಂತಿತು. ಬಣವೆಯ ಪಕ್ಕ ಅರಿವೆಯ ಮೇಲೆ ರಕ್ತ ಒಣಗಿದ ಕುಡಗೋಲಿತ್ತು. ಕೈಗೆ ಬೇಡಿ ಬಿದ್ದಿದ್ದ ಅರ್ಜುನನೆಂಬವ ತಲೆ ತಗ್ಗಿಸಿ ಕೂತಿದ್ದ. ಹೆಂಡತಿ ನೀಲಾಳನ್ನು ಕಡಿದದ್ದು ತಾನೇ ಎಂದು ಅಳುತ್ತ ಹೇಳುತ್ತಿದ್ದ. ಅವನೇ ಬಣವೆಯಿಂದ ಕುಡಗೋಲು ತೆಗೆದುಕೊಟ್ಟನೆಂದು ಹವಾಲ್ದಾರ ಬರೆಸಿದ. ಅವರು ತೋರಿಸಿದಲ್ಲಿ ಉಡಚಪ್ಪ ಸಹಿ ಹಾಕಿದ.

ಎರಡು ವರ್ಷ ಕಳೆದ ಮೇಲೆ ಉಡಚಪ್ಪನಿಗೆ ಕೋರ್ಟಿನ ಸಮನ್ಸ್ ಬಂತು. ಹೋಗದಿದ್ದರೆ ವಾರಂಟು ಬರುತ್ತದೆಂದು ಪೊಲೀಸರು ಹೇಳಿದಾಗ ಹೆಂಡತಿ ಹೆದರಿ ಅವನನ್ನು ತಾನೇ ಬಸ್ಸು ಹತ್ತಿಸಿದಳು. ಗದಗಿನ ಕೋರ್ಟಿನ ಪಡಸಾಲೆಯಲ್ಲಿ ಒಬ್ಬ ಮುದುಕಿ ಅವನ ಪಕ್ಕ ಬಂದು ಕೂತಳು. ನೀಲಾಳ ತಾಯಿ ತಿಪ್ಪವ್ವ.

“ನೋಡಿದ್ದು ನೋಡಿದಂಗ ಹೇಳಪ್ಪಾ. ಉಳದ ಸಾಕ್ಷಿ ಎಲ್ಲಾ ತಿರುಗಿಬಿದ್ದಾರ. ನೀ ಒಬ್ಬನ ಉಳದಿ.”

ಉಡಚಪ್ಪ ಅವಳಿಗೆ ಏನೋ ಹೇಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕೂಗಿದರು.

ಪ್ರಮಾಣ ಮಾಡಿಸಿದರು. ಸರ್ಕಾರಿ ವಕೀಲರು ಕುಡಗೋಲು ತೋರಿಸಿ, “ಆರೋಪಿ ಇದನ್ನು ನಿಮ್ಮ ಎದುರಿಗೇ ಬಣವೆಯಿಂದ ತೆಗೆದುಕೊಟ್ಟರಲ್ಲವೇ?” ಎಂದರು. ಹೌದು ಎಂದರೆ ಮುಗಿಯುತ್ತಿತ್ತು. ಅರ್ಜುನನೇ ಕೊಂದದ್ದು ಉಡಚಪ್ಪನಿಗೆ ಗೊತ್ತು. ಆದರೆ ಕಾಣದ್ದನ್ನು ಕಂಡೆ ಎನ್ನಲು ಅವನ ನಾಲಿಗೆ ಏಳಲಿಲ್ಲ.

“ಇಲ್ರಿ. ನಾ ಹೋಗೂದ್ರಾಗ ಅರಿವಿ ಮ್ಯಾಲ ಇತ್ರಿ. ಆದ್ರ ಅವಾ ತಾನ ಕಡದೇನಿ ಅಂತ ಅಳತಿದ್ದ್ರಿ.”

“ಪೊಲೀಸರ ಮುಂದೆ ಹೇಳಿದ್ದು ಸಾಕ್ಷ್ಯವಲ್ಲ,” ಎಂದು ಆರೋಪಿಯ ವಕೀಲರು ಎದ್ದರು. ಸರ್ಕಾರಿ ವಕೀಲರು ಅವನನ್ನು ತಿರುಗಿಬಿದ್ದ ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಬೇಕೆಂದು ಕೇಳಿಕೊಂಡರು.

“ನಾ ಖರೇನ ಹೇಳೇನ್ರಿ,” ಎಂದ ಉಡಚಪ್ಪ. ಯಾರೂ ಅವನತ್ತ ನೋಡಲಿಲ್ಲ.

ಸಾಕ್ಷ್ಯ ಸಾಲದೆಂದು ಅರ್ಜುನನ ಬಿಡುಗಡೆಯಾಯಿತು. ಖಬರು ಕೇಳಿ ಉಡಚಪ್ಪನಿಗೆ ಅನ್ನ ಸೇರಲಿಲ್ಲ. ಮರುದಿನವೇ ಕುರ್ತಕೋಟಿಗೆ ಹೋಗಿ ತಿಪ್ಪವ್ವನ ಮನೆ ಹುಡುಕಿದ. ಅವಳು ನೀಲಾಳ ಮಗಳು ಮಾಯಾಳಿಗೆ ತಲೆ ಬಾಚುತ್ತಿದ್ದಳು. ಪಕ್ಕದಲ್ಲಿ ಹುಡುಗಿಯ ಬಟ್ಟೆಯ ಗಂಟು ಕಟ್ಟಿಟ್ಟಿತ್ತು.

“ಯವ್ವಾ, ನಾ ಕಂಡದ್ದಷ್ಟ ಹೇಳಿದೆ.”

“ಗೊತ್ತೈತಿ,” ಎಂದಳು ತಿಪ್ಪವ್ವ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಇವತ್ತ ಇಕಿ ಅಪ್ಪ ಕರಕೊಂಡು ಹೋಗಾಕ ಬರತಾನ. ಮಗಳು ನಂದು ಅಂತಾನ. ಕೊಡೂದಿಲ್ಲ ಅಂತ ಯಾರ ಮುಂದ ಹೇಳ್ಲಿ, ನೀನ ಹೇಳು.”

ಹೊರಗೆ ಮೋಟಾರ್‌ಸೈಕಲ್ ನಿಂತ ಸಪ್ಪಳವಾಯಿತು. ಮಾಯಾ ಎದ್ದು ಅಜ್ಜಿಯ ಬೆನ್ನ ಹಿಂದೆ ಹೋಗಿ ಅವಳ ಸೀರೆ ಹಿಡಿದುಕೊಂಡಳು.