ವೆಂಕಟರಮಣಪ್ಪನವರ ಕಾರು ನ್ಯೂಟ್ರಲ್‌ಗೆ ಬಂದಿದ್ದು

ವೆಂಕಟರಮಣಪ್ಪನವರ ಕಾರು ಹಿಂದಿನ ಬೀದಿಯ ಬಾಯಿಗೆ ಅಡ್ಡವಾಗಿ ನಿಲ್ಲುತ್ತಿತ್ತು. ಬೀದಿ ಊರಿನದು, ಕಾಂಕ್ರೀಟು ಪಂಚಾಯ್ತಿಯದು. ಅಲ್ಲಿನ ಹೊಂಗೆಮರದ ನೆರಳು ಮಾತ್ರ ತಮ್ಮದೆಂದು ಈ ಮಾಜಿ ಅಧ್ಯಕ್ಷರು ತಾವೇ ತೀರ್ಮಾನಿಸಿಬಿಟ್ಟಿದ್ದರು. ಅವರ ಕಾಂಪೌಂಡಿನೊಳಗೆ ಎರಡು ಕಾರಿಗಾಗುವಷ್ಟು ಜಾಗವಿತ್ತು. ಆದರೆ ಅಲ್ಲಿ ಬಿಸಿಲು.

ಹಿಂದಿನ ಬೀದಿಯ ಹೆಂಗಸರು ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗಬೇಕಾದರೆ ಕಾರಿಗೂ ಚರಂಡಿಗೂ ನಡುವಿನ ಗೇಣಗಲದ ಅಂಚಿನ ಮೇಲೆ ಸರ್ಕಸ್ಸು ಮಾಡಬೇಕಿತ್ತು. ಹೋದ ವಾರ ಅದೇ ಬೀದಿಯ ಮಮತಳ ಅತ್ತೆ ನರಸಮ್ಮ ಅಲ್ಲೇ ಜಾರಿ, ಹಾಲೆಲ್ಲ ಚರಂಡಿಗೆ ಚೆಲ್ಲಿ, ಮಂಡಿ ಊದಿಸಿಕೊಂಡು ಮನೆಗೆ ಬಂದಿದ್ದಳು. ಕಾರು ತಳ್ಳೋಣವೆಂದರೆ ಅದು ಸದಾ ಗೇರಿನಲ್ಲಿ. ಊರೆಲ್ಲ ತಳ್ಳಿದರೂ ಮಿಸುಕುತ್ತಿರಲಿಲ್ಲ. ಆ ದಾರಿ ಬಿಡಿಸದೆ ಬಿಡಬಾರದೆಂದು ಮಮತ ಅವತ್ತೇ ಹಲ್ಲು ಕಚ್ಚಿದ್ದಳು.

ಹತ್ತಿರದ ಸೂಲಿಬೆಲೆಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಅವಳ ಅಂಗಡಿಗೆ ಒಂದು ದಿನ ವೆಂಕಟರಮಣಪ್ಪನವರೇ ಕಾರು ತಂದು ನಿಲ್ಲಿಸಿ, ಡಬ್ಬವೊಂದನ್ನು ಮುಂದಿಟ್ಟರು.

"ರಿಮೋಟ್ ಸ್ಟಾರ್ಟರ್ ಕಣಮ್ಮ. ನಾನು ಮನೇಲಿ ಕಾಫಿ ಕುಡೀತಾ ಬಟನ್ ಒತ್ತಬೇಕು, ಗಾಡಿ ತಾನೇ ಸ್ಟಾರ್ಟ್ ಆಗಿ ಏಸಿಲಿ ತಣ್ಣಗಾಗಿರಬೇಕು."

"ನೆರಳಲ್ಲೇ ನಿಲ್ಲಿಸ್ತೀರಲ್ಲ ಯಜಮಾನ್ರೇ. ಇನ್ನೂ ತಣ್ಣಗೆ ಬೇಕಾ?"

"ಲೋಕ ಮುಂದಕ್ಕೆ ಹೋಗ್ತಾ ಐತಮ್ಮ. ನಾವೂ ಹೋಗ್ಬೇಕಲ್ವಾ?"

ನೀವು ದಾರಿ ಬಿಟ್ಟರೆ ತಾನೇ, ಎಂಬ ಮಾತನ್ನು ನುಂಗಿಕೊಂಡು ಮಮತ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದಳು. ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ವೈರು ಹುಡುಕಿ, ಜೋಡಿಸಿ, ಬೆಸುಗೆ ಹಾಕಿ, ಟೇಪು ಸುತ್ತಿದಳು. ಕೊನೆಗೆ ಗೇರಿನ ಬುಡದಲ್ಲೊಂದು ಸ್ವಿಚ್ಚು ಕೂರಿಸಿದಳು.

"ಅದ್ಯಾಕೆ?"

"ಗೇರಲ್ಲಿದ್ದಾಗ ಸ್ಟಾರ್ಟ್ ಆದ್ರೆ ಗಾಡಿ ನೆಗೆದು ಯಾರ ಮೇಲಾದ್ರೂ ಹತ್ತುತ್ತೆ. ಇನ್ಮೇಲೆ ನ್ಯೂಟ್ರಲ್‌ನಲ್ಲಿದ್ರೆ ಮಾತ್ರ ರಿಮೋಟ್ ಕೆಲಸ ಮಾಡೋದು. ಹ್ಯಾಂಡ್‌ಬ್ರೇಕೂ ಎಳೆದಿರಬೇಕು."

ಎಳೆದು ನೋಡಿದಳು. ಲಿವರು ಸಲೀಸಾಗಿ ಮೇಲೆ ಬಂತು, ಮೀಟರಿನಲ್ಲಿ ಕೆಂಪು ದೀಪವೂ ಹತ್ತಿತು. ಚಕ್ರ ಮಾತ್ರ ಹಿಡಿಯಲಿಲ್ಲ.

"ಕೇಬಲ್ ಸಡಿಲ ಆಗೋಗೈತೆ. ಪಕ್ಕದಲ್ಲೇ ಮೆಕ್ಯಾನಿಕ್ ಕೆಂಪರಾಜ್ ಅವ್ನೆ, ಬಿಗಿ ಮಾಡಿಸ್ಕೊಂಡೇ ಹೋಗಿ."

"ಅಷ್ಟೊತ್ತು ಯಾರು ಕಾಯ್ತಾರೆ? ಚಕ್ರಕ್ಕೊಂದು ಕಲ್ಲು ಕೊಟ್ರಾಯ್ತು."

"ಯಾರಾದ್ರೂ ಕಲ್ಲು ತೆಗೆದು ತಳ್ಳಿದ್ರೆ ಹೋಗ್ಬಿಡುತ್ತೆ. ಆಮೇಲೆ ಮಮತ ಹೇಳಲಿಲ್ಲ ಅನ್ಬೇಡಿ."

ವೆಂಕಟರಮಣಪ್ಪ ಅಂಗಡಿ ಅದುರುವಂತೆ ನಕ್ಕರು. "ನನ್ನ ಗಾಡಿ ಮುಟ್ಟೋ ಗಂಡಸು ನಮ್ಮೂರಲ್ಲಿ ಯಾವನವ್ನೆ?"

ಮಮತ ಸ್ಕ್ರೂಡ್ರೈವರ್ ಹಿಡಿದು ನಿಂತಲ್ಲೇ ಯೋಚಿಸಿದಳು. ಅವರು ಹೇಳಿದ್ದು ನಿಜ. ಗಂಡಸರು ಯಾರೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹೆಂಗಸರು ಕಾರಿನ ಬಳಿ ಕ್ಯಾನುಗಳನ್ನು ಸಾಲಾಗಿ ಕೆಳಗಿಟ್ಟರು. ಮಮತ ಕಿಟಕಿಯಿಂದ ಇಣುಕಿ ಗೇರು ನೋಡಿ ತಲೆಯಾಡಿಸಿದಳು. ನರಸಮ್ಮ ಸೆರಗು ಬಿಗಿದು ಕಲ್ಲು ಸರಿಸಿದಳು. ನೆಲ ಸಮವಾಗಿತ್ತು, ಚಕ್ರ ನೆಟ್ಟಗಿತ್ತು. ಎಲ್ಲರೂ ಸೇರಿ ತಳ್ಳಿದರು. ವರ್ಷಗಟ್ಟಲೆ ಬೀದಿ ಕಾಯುತ್ತಿದ್ದ ಕಾರು ಸಾಧು ಎಮ್ಮೆಯ ಹಾಗೆ ಸಾಗಿ, ಬಿಸಿಲಲ್ಲಿದ್ದ ಯಜಮಾನರದೇ ತಿಪ್ಪೆಯ ಪಕ್ಕ ನಿಂತಿತು. ನರಸಮ್ಮ ಮತ್ತೆ ಚಕ್ರಕ್ಕೆ ಕಲ್ಲು ಕೊಟ್ಟಳು. "ಅವರ ಕಲ್ಲು ನಮಗ್ಯಾಕೆ?"

ಅಷ್ಟರಲ್ಲಿ ತಿಪ್ಪೆಯ ಬಳಿ ಕಾರು ತಾನಾಗಿಯೇ ಗುರುಗುಟ್ಟಿತು. ಕಾಫಿ ಲೋಟ, ರಿಮೋಟು ಎರಡನ್ನೂ ಹಿಡಿದು ಹೊರಬಂದ ವೆಂಕಟರಮಣಪ್ಪ ಮರದಡಿ ನೋಡಿದರು. ಸದ್ದಿದೆ, ಕಾರಿಲ್ಲ.

"ಯಾರ್ರೀ ಮುಟ್ಟಿದ್ದು?"

"ನಾವೇ. ಹಾಲು ಒಡೆದೋಗ್ತಿತ್ತು ಯಜಮಾನ್ರೇ" ಎಂದಳು ನರಸಮ್ಮ.

"ನಾಳೆಯಿಂದ ಗೇರಲ್ಲೇ ನಿಲ್ಲಿಸ್ತೀನಿ!"

"ನಿಲ್ಲಿಸಿ. ರಿಮೋಟ್ ಮಕ್ಕಳ ಆಟಕ್ಕಾಗುತ್ತೆ" ಎಂದಳು ಮಮತ.

"ಬ್ರೇಕ್ ಬಿಗಿ ಮಾಡಿಸ್ತೀನಿ!"

"ಮಾಡಿಸಪ್ಪ" ಎಂದಳು ನರಸಮ್ಮ. "ಮಾಡಿಸ್ಕೊಂಡು ಬಂದು ಮತ್ತೆ ಇಲ್ಲೇ ಅಡ್ಡ ನಿಲ್ಸಿದ್ರೆ, ಈ ಕ್ಯಾನೆಲ್ಲ ನಿನ್ನ ಬಾಗಿಲಿಗೇ ತಂದಿಡ್ತೀವಿ. ಡೇರಿಗೆ ನೀನೇ ಹೊತ್ಕೊಂಡು ಹೋಗು."

ಹೆಂಗಸರು ಗೊಳ್ಳೆಂದರು. ವೆಂಕಟರಮಣಪ್ಪನವರ ಕಾಫಿಯೂ ತಣ್ಣಗಾಗಿತ್ತು.

ಮರುದಿನ ಹೆಂಗಸರೆಲ್ಲ ಸೆರಗು ಬಿಗಿದೇ ಬಂದರು. ಮರದಡಿ ಬರೀ ನೆರಳಿತ್ತು. ಕಾರು ಕಾಂಪೌಂಡಿನೊಳಗೆ ಬಿಸಿಲು ಕಾಯಿಸುತ್ತಿತ್ತು.

"ಥೂ, ತಳ್ಳೋಕೆ ಅಂತ ಎರಡು ಮುದ್ದೆ ಉಂಡು ಬಂದಿದ್ನಲ್ಲೇ" ಎಂದು ಗೊಣಗಿದ ನರಸಮ್ಮ, ಹೊತ್ತಾಗಿದ್ದರೂ ಬೀದಿಯ ನಟ್ಟನಡುವೆ ನಿಧಾನವಾಗಿ, ಕ್ಯಾನಿಲ್ಲದ ಕೈ ಬೀಸಿಕೊಂಡು ನಡೆದಳು.