ಒಂದು ತುತ್ತಿನ ಜಾಗ

ಎದುರು ಸಿಕ್ಕವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳುವವರು ನಾವೇ, ಹೊಟ್ಟೆ ತುಂಬ ಉಂಡ ಹುಡುಗಿಯನ್ನು ಆಡಿಕೊಳ್ಳುವವರೂ ನಾವೇ. ಮಾಸಾನ್ ಪೇಟೆಯಲ್ಲಿ ನನ್ನ ಅಣ್ಣನದು ಅಕ್ಕಿ ಕಡುಬಿನ ಅಂಗಡಿ. ಬೆಳಗಾದರೆ ಸಾಕು, ಬೀದಿಗೆಲ್ಲ ಹಬೆಯ ಘಮ. ಅದೇ ಮನೆಯ ಮಗಳು ದಾಸೋಲ್‌ಗೆ ಅತ್ತಿಗೆ ಓಕ್‌ಜು ಬಡಿಸುತ್ತಿದ್ದುದು ಎರಡು ಚಮಚ ಅನ್ನ.

ಹದಿನಾರರ ಆ ಹುಡುಗಿಯ ಬೆನ್ನು ಪಕ್ಕಕ್ಕೆ ಬಾಗಿತ್ತು. ಬೇಗ ಆಪರೇಷನ್ ಆಗಬೇಕು, ಅದಕ್ಕೆ ಮೊದಲು ಸ್ವಲ್ಪ ಮೈ ತುಂಬಿಕೊಳ್ಳಬೇಕು, ಚೆನ್ನಾಗಿ ಉಣ್ಣಿಸಿ ಎಂದು ಡಾಕ್ಟರು ಒತ್ತಿ ಹೇಳಿದ್ದರು.

"ಆಮೇಲೆ ತಿಂಗಳುಗಟ್ಲೆ ಮಲ್ಗೇ ಇರ್ತಾಳೆ. ಈಗ್ಲೇ ಊದಿಕೊಂಡ್ರೆ ಇಳಿಸೋರ್ಯಾರು?" ಎಂದಳು ಅತ್ತಿಗೆ.

"ಡಾಕ್ಟ್ರು ಸುಮ್‌ಸುಮ್ನೆ ಹೇಳ್ತಾರಾ ಅತ್ತಿಗೆ?"

"ನಿಂಗೇನಮ್ಮ, ಮದ್ವೆ ಆಗಿ ಕೂತಿದೀಯ. ಬೆನ್ನಂತೂ ಸೊಟ್ಟ. ಮೈನಾದ್ರೂ ಸಣ್ಣಗೆ ಇಟ್ಕೊಳ್ಬೇಡ್ವಾ?"

ಮಗಳ ಎದುರಿಗೇ ಈ ಮಾತು. ದಾಸೋಲ್ ತಲೆ ತಗ್ಗಿಸಿ ಮೂಲಂಗಿ ಚೂರು ಕಚ್ಚುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಹುಡುಗಿ ಮೈ ತುಂಬಿಕೊಳ್ಳಲೇ ಇಲ್ಲ. ಬಾಗು ದಿನೇದಿನೇ ಹೆಚ್ಚುತ್ತಿದ್ದರಿಂದ ಡಾಕ್ಟರು ಚಳಿಗಾಲದ ರಜೆಯಲ್ಲಿ ಆಪರೇಷನ್ ಮಾಡಿಯೇಬಿಟ್ಟರು.

ಬೆನ್ನು ನೆಟ್ಟಗಾಯಿತು. ಹುಡುಗಿ ನಾಲ್ಕು ಬೆರಳು ಎತ್ತರವೂ ಆದಳು. ಮನೆಗೆ ಬಂದವಳನ್ನು ನೋಡಲು ನೆರೆಯವರು ಸೇಬಿನ ಪೆಟ್ಟಿಗೆ ಹಿಡಿದು ಬಂದರು.

"ಅಯ್ಯೋ, ಎಷ್ಟ್ ತೆಳ್ಳಗಾಗಿದೀಯ! ಟೀವಿ ಹುಡ್ಗೀರ ತರ ಕಾಣ್ತೀಯ!"

ಅವಳಿಗೆ ಉಂಡದ್ದು ದಕ್ಕುತ್ತಲೇ ಇರಲಿಲ್ಲ. ಹೊಟ್ಟೆ ಉಬ್ಬಿ ಹಸಿರು ನೀರು ಕಾರಿಕೊಳ್ಳುತ್ತಿದ್ದಳು. ವಾಂತಿಯಾದರೆ ತಕ್ಷಣ ಕರೆತನ್ನಿ ಎಂದು ಆಸ್ಪತ್ರೆಯವರು ಹೇಳಿಯೇ ಕಳಿಸಿದ್ದರು. ಮಾತ್ರೆ ಜೋರಾಗಿದೆ, ಎರಡು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡಳು ಅತ್ತಿಗೆ. ಬಂದವರು ಹೊಗಳಿದಷ್ಟೂ ಅವಳ ಧೈರ್ಯ ಹೆಚ್ಚಿತು.

ಗಂಡನ ಮನೆಯಿರುವ ಪುಸಾನ್‌ನಿಂದ ನಾನು ಭಾನುವಾರ ಬಂದೆ. ಅವಳ ಮುಂಗೈ ಹಿಡಿದರೆ ಬರೀ ಮೂಳೆ.

"ಅತ್ತೆ, ಊಟ ಕೆಳಗೇ ಇಳಿಯಲ್ಲ. ಒಳಗೆ ಎಲ್ಲೋ ಬಾಗ್ಲು ಹಾಕ್ದಂಗಿದೆ," ಎಂದಳು. ಆಮೇಲೆ ಮೆಲ್ಲಗೆ ನಕ್ಕಳು. "ಆದ್ರೂ ಎಲ್ರೂ ಚೆನ್ನಾಗ್ ಕಾಣ್ತೀಯ ಅಂತಾರೆ ಅತ್ತೆ. ಹುಟ್ಟಿದ್ಮೇಲೆ ಮೊದಲ್ನೇ ಸಲ."

ಅತ್ತಿಗೆಯ ಮಾತಿಗೆ ಕಾಯದೆ ಅವಳನ್ನು ಎತ್ತಿಕೊಂಡು ಕಾರಿನಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಹೊಟ್ಟೆಯ ಸ್ಕ್ಯಾನ್ ನೋಡಿ ತಲೆಯ ಮೇಲೆ ಕೈ ಹೊತ್ತರು. ಹಿಂದೆ ಬೆನ್ನುಮೂಳೆ, ಮುಂದೆ ರಕ್ತನಾಳ, ನಡುವೆ ಕರುಳು. ಆ ಸಂದಿಯನ್ನು ಅಗಲವಾಗಿ ಇಡುವುದು ಒಂದಿಷ್ಟು ಕೊಬ್ಬು. ಅವಳ ಮೈಯಲ್ಲಿ ಅದೇ ಇರಲಿಲ್ಲ. ಬೆನ್ನು ನೆಟ್ಟಗಾದಾಗ ಸಂದಿ ಕಿರಿದಾಗಿ, ಕರುಳು ಕತ್ತರಿಯಲ್ಲಿ ಸಿಕ್ಕಂತೆ ಸಿಕ್ಕಿಕೊಂಡಿತ್ತು.

"ಮೊದ್ಲೇ ತಂದಿದ್ರೆ ಮೂಗಿಂದ ನಳಿಕೆ ಹಾಕಿ, ಮಗ್ಗುಲಾಗಿ ಮಲಗ್ಸಿ ನಿಧಾನಕ್ಕೆ ಊಟ ಕೊಡ್ಬಹುದಿತ್ತಮ್ಮ," ಎಂದರು. ವಾಂತಿಯಲ್ಲಿ ಮೈಯೊಳಗಿನ ನೀರು, ಉಪ್ಪು ಎಲ್ಲ ಹೋಗಿತ್ತು. ಮರುದಿನ ಬೆಳಿಗ್ಗೆ ನಮ್ಮ ದಾಸೋಲ್‌ಳ ಹೃದಯ ನಿಂತಿತು. ಇದನ್ನು ಬರೆಯುವಾಗಲೂ ಅಳು ತಡೆಯಲಾಗುತ್ತಿಲ್ಲ.

ಸಾವಿಗೆ ಬಂದವರಿಗೆಲ್ಲ ಊಟ ಬಡಿಸುವುದು ನಮ್ಮ ಪದ್ಧತಿ. ಖಾರದ ಮಾಂಸದ ಸಾರಿನ ಮುಂದೆ ದಾಸೋಲ್‌ಳ ಗೆಳತಿಯೊಬ್ಬಳು ಶಾಲೆಯ ಸಮವಸ್ತ್ರದಲ್ಲೇ ಕುಳಿತಿದ್ದಳು. ಅನ್ನದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ನೆರೆಯಾಕೆ ಅವಳ ಬೆನ್ನು ಸವರಿ, "ಬಂಗಾರ, ಎಷ್ಟ್ ತೆಳ್ಳಗಿದೀಯ, ಚೆಂದ," ಎಂದಳು. ನಾಲಗೆಯ ಚಾಳಿ.

ಅತ್ತಿಗೆ ಎದ್ದಳು.

"ಆ ಮಾತು ಇಲ್ಲಾಡ್ಬೇಡಿ. ನನ್ನ ಮಗಳಿಗೆ ಒಳಗೆ ಒಂದು ತುತ್ತು ಇಳಿಯೋಷ್ಟು ಜಾಗಾನೂ ಉಳೀಲಿಲ್ಲ. ಅದನ್ನೇ ನೀವೆಲ್ಲ ಚೆಂದ ಅಂದ್ರಿ. ನಾನು ಹೂಂ ಅಂದೆ."

ಆಮೇಲೆ ಆ ಹುಡುಗಿಯ ಎದುರು ಕುಕ್ಕುರುಗಾಲಲ್ಲಿ ಕೂತು, ಅನ್ನವನ್ನು ಸಾರಿಗೆ ಕಲೆಸಿ, ಚಮಚ ಅವಳ ಕೈಗೆ ಕೊಟ್ಟಳು.

"ಉಣ್ಣಮ್ಮ. ನೀನು ಉಣ್ಣೋದನ್ನ ನಾನು ನೋಡ್ಬೇಕು."